ಒಂದು ಆನೆಗೆ ಒಂದೇ ಗೆರೆ

ಫೋನು ‘ದಾರಿ ಖಾಲಿ’ ಎಂದಿತು.

ದಾರಿಯ ನಡುವೆ ಆನೆ ನಿಂತಿತ್ತು.

ಐವರ್ನಾಡಿನ ರಬ್ಬರ್ ತೋಟದ ತಿರುವು. ಬೆಳಿಗ್ಗೆ ಎಂಟು ಇಪ್ಪತ್ತು. ಸ್ಕೂಟರಿನ ಎಂಜಿನ್ ಆರಿಸಿದೆ. ಇಪ್ಪತ್ತು ಮಾರು ಮುಂದೆ ಒಂಟಿ ಸಲಗ. ಕಿವಿ ಅಲ್ಲಾಡುತ್ತಿಲ್ಲ... ಕಿವಿ ಅಲ್ಲಾಡಿಸದ ಆನೆಯನ್ನು ನಂಬಬಾರದು. ನನಗೆ ಹೆದರಿಕೆಯಾಯಿತು. ನಿಮ್ಮ ಹತ್ತಿರ ಸುಳ್ಳು ಯಾಕೆ ಹೇಳಲಿ?

ನಾನು ರಿಯಾಝ್. ಆಫೀಸು ಪುತ್ತೂರಿನಲ್ಲಿ. ಯಾರದ್ದಾದರೂ ಸಾಫ್ಟ್‌ವೇರ್ ಕೈಕೊಟ್ಟರೆ ತಪ್ಪಿತಸ್ಥನನ್ನು ಹುಡುಕಿಕೊಡುತ್ತೇನೆ. ಹೊಟ್ಟೆಪಾಡಿಗೆ ಮ್ಯಾನುಯಲ್ ಬರೆಯುತ್ತೇನೆ. ಈ ಆನೆ ಆ್ಯಪ್‌ನ ಮ್ಯಾನುಯಲ್ ಕೂಡ ನನ್ನದೇ. ತೋಟದವರು ಅದನ್ನು ಹೇಗೆ ಬಳಸುತ್ತಾರೆಂದು ನೋಡಲು ಕೆಲವು ದಿನಗಳಿಂದ ಬರುತ್ತಿದ್ದೆ.

ಆ್ಯಪ್ ಒಳಗೊಂದು ಗ್ರಾಫ್ ಡೇಟಾಬೇಸ್. ರಂಗೋಲಿಯ ಹಾಗೆ ಚುಕ್ಕಿ, ಗೆರೆ... ಅಷ್ಟೆ. ಆನೆ ಒಂದು ಚುಕ್ಕಿ. ಊರು ಇನ್ನೊಂದು ಚುಕ್ಕಿ. ನಡುವೆ ಗೆರೆ ಇದ್ದರೆ ಆನೆ ಆ ಊರಿನಲ್ಲಿದೆ, ಅಲ್ಲಿನ ದಾರಿ ಸ್ಕ್ರೀನಿನಲ್ಲಿ ಕೆಂಪು; ಇಲ್ಲದಿದ್ದರೆ ಖಾಲಿ. ಆನೆ ಕಂಡವರು ವಾಯ್ಸ್ ಮೆಸೇಜ್ ಹಾಕುತ್ತಾರೆ. ಎಐ ಏಜೆಂಟುಗಳು ಅದನ್ನು ಕೇಳಿ, ಅಪ್‌ಡೇಟ್ ಟೂಲ್ ಹಿಡಿದು, ಗೆರೆ ಎಳೆಯುತ್ತವೆ, ಅಳಿಸುತ್ತವೆ. ಹೇಗೆ ಎಂದು ಅವುಗಳಿಗೆ ಹೇಳುವುದು ನನ್ನ ಮ್ಯಾನುಯಲ್. ಮನುಷ್ಯರು ಮ್ಯಾನುಯಲ್ ಓದುವುದಿಲ್ಲ. ಏಜೆಂಟುಗಳು ಓದುತ್ತವೆ. ಓದಿದ್ದನ್ನು ಚಾಚೂ ತಪ್ಪದೆ ಮಾಡುತ್ತವೆ. ಅದರಲ್ಲಿ ಇಲ್ಲದ್ದನ್ನು ಮುಟ್ಟುವುದಿಲ್ಲ.

ಆನೆಯ ಆಚೆ, ತೋಟದೊಳಗೆ ಸಾರಮ್ಮ ಇದ್ದರು. ಟ್ಯಾಪಿಂಗ್ ಕೆಲಸದವರು, ಅಂದರೆ ಮರ ಗೀರಿ ರಬ್ಬರ್ ಹಾಲು ಇಳಿಸುವವರು. ಎಂಟೂವರೆಗೆ ರಬ್ಬರ್ ಹಾಲಿನ ಬಕೆಟ್ ಹೊತ್ತು ಇದೇ ತಿರುವಿಗೆ ಬರುತ್ತಾರೆ. ಫೋನ್ ಮಾಡಿದೆ. ಎತ್ತಲಿಲ್ಲ. ಕೈಗೆ ಹಾಲು ಅಂಟಿರುವಾಗ ಅವರು ಫೋನ್ ಮುಟ್ಟುವುದಿಲ್ಲ. ಆ್ಯಪ್ ಮಾತ್ರ ತಾನಾಗಿಯೇ ಗಟ್ಟಿಯಾಗಿ ಮಾತಾಡುತ್ತದೆ. ಅದು ಖಾಲಿ ಎಂದರೆ ಅವರು ಬರುತ್ತಾರೆ.

ಸುಪ್ರಿತಾಳಿಗೆ ಕರೆ ಮಾಡಿದೆ. ಸುಳ್ಯದಲ್ಲಿ ಕೂತು ಆ ಟೂಲ್ ಕಟ್ಟಿದವಳು.

“ಐವರ್ನಾಡಿನ ಆನೆ ಸ್ಕ್ರೀನಿನಲ್ಲಿ ಯಾಕಿಲ್ಲ ಮಾರಾಯ್ತಿ?” ಪಿಸುಗುಟ್ಟಿದೆ. “ಇಲ್ಲಿ ನನ್ನೆದುರು ಉಂಟು.”

“ಏಳು ಗಂಟೆಗೆ ಗೆರೆ ಇತ್ತು. ಎಂಟು ಹತ್ತಕ್ಕೆ ಸಂಪಾಜೆಯಿಂದ ‘ಆನೆ ಉಂಟು’ ಅಂತ ಮೆಸೇಜ್ ಬಂತು. ಏಜೆಂಟ್ ಹಳೇದನ್ನು ಅಳಿಸಿ ಅಲ್ಲಿಗೆ ಎಳೆದಿದೆ.”

“ಅದು ಬೇರೆ ಆನೆ.”

“ಯಾವ ಆನೆ ಅಂತ ಯಾರು ಹೇಳ್ತಾರೆ? ಎಲ್ಲರೂ ಬರೀ ಆನೆ ಅಂತಲೇ ಹೇಳುದು.”

“ಅಳಿಸಲಿಕ್ಕೆ ಹೇಳಿದ್ದು ಯಾರು?”

“ನಿಮ್ಮ ಮ್ಯಾನುಯಲ್, ರಿಯಾಝಣ್ಣ. ಒಂದು ಆನೆಗೆ ಒಂದೇ ಗೆರೆ.”

ತಪ್ಪಿತಸ್ಥ ಸಿಕ್ಕಿದ. ನಾನೇ.

 

“ಆ ಸಾಲು ತೆಗಿ.”

“ಶ್ರೀಶ ಸರ್ ಲಾಕ್ ಮಾಡಿದ್ದಾರೆ. ನನ್ನಿಂದ ಆಗುದಿಲ್ಲ.”

ಶ್ರೀಶ ಈ ಆ್ಯಪ್ ಕಂಪನಿಯ ಮಾಲೀಕ. ಸುಪ್ರಿತಾಳನ್ನು ಹೋಲ್ಡಿನಲ್ಲಿಟ್ಟು ಅವನಿಗೆ ಮಾಡಿದೆ. ಆನೆ ಒಂದು ಹೆಜ್ಜೆ ಮುಂದಿಟ್ಟಿತು.

“ಲಾಕ್ ತೆಗೀರಿ ಸರ್. ಒಂದು ಜೀವ ಹೋಗ್ತದೆ.”

“ಗೆರೆ ಅಳಿಸದಿದ್ರೆ ಎಲ್ಲ ದಾರಿಯೂ ಕೆಂಪಾಗ್ತದೆ. ತೋಟದವರು ದಿನಾ ಕೆಲಸ ನಿಲ್ಲಿಸ್ಬೇಕಾ? ಆಮೇಲೆ ನಮ್ಮ ಆ್ಯಪ್ ಯಾರಿಗೆ ಬೇಕು?”

“ಹೋದ ವಾರ ಕಡಬದಲ್ಲಿ ಒಬ್ಬರನ್ನು ಆನೆ ಮೆಟ್ಟಿತಲ್ಲ... ಆವತ್ತೂ ಆ್ಯಪ್ ಖಾಲಿ ಅಂತಲೇ ಹೇಳಿದ್ದಾ?”

“ಕಡಬದ ಸುದ್ದಿ ಈಗ ಯಾಕೆ?” ಎಂದ.

ಅವನಿಗೆ ಗೊತ್ತಿತ್ತು!

“ಮ್ಯಾನುಯಲ್ ಅಡಿಯಲ್ಲಿ ನಿಮ್ಮ ಹೆಸರು ಉಂಟು, ರಿಯಾಝ್. ನನ್ನದಲ್ಲ. ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿ.”

ಫೋನ್ ಇಟ್ಟ.

ಎಂಟು ಇಪ್ಪತ್ತೇಳು. ಮರಗಳ ನಡುವೆ ನೀಲಿ ಬಕೆಟ್ ಕಾಣಿಸಿತು... ಹತ್ತಿರ ಬರುತ್ತಿತ್ತು. ಕೂಗಿದರೆ? ಆನೆ ನನ್ನ ಕಡೆ ಬರಬಹುದು. ಅವರ ಕಡೆಗೂ ನುಗ್ಗಬಹುದು.

ಹೋಲ್ಡಿನಲ್ಲಿದ್ದ ಸುಪ್ರಿತಾಳ ಹತ್ತಿರ ‘ಮೆಸೇಜ್ ಹಾಕ್ತೇನೆ’ ಎಂದು ಹೇಳಿ ಹೆಬ್ಬೆರಳು ಒತ್ತಿಯೇಬಿಡುತ್ತಿದ್ದೆ. ಅವಳು ತಡೆದಳು.

“ಬೇಡ ಅಣ್ಣ. ಐವರ್ನಾಡಿನಲ್ಲಿ ಆನೆ ಅಂದ್ರೆ ಸಂಪಾಜೆಯ ಗೆರೆ ಅಳಿಸಿ ಹೋಗ್ತದೆ. ಅಲ್ಲಿ ಮಕ್ಕಳು ಶಾಲೆಗೆ ನಡೆಯುವ ಹೊತ್ತು.”

ಇಲ್ಲಿ ಉಳಿಸಿದರೆ ಅಲ್ಲಿ ಸಾವು. ಅತ್ತ ದರಿ, ಇತ್ತ ಪುಲಿ.

ಹಾಗಾದರೆ ಇನ್ನೊಂದು ಆನೆ ಬೇಕು. ಹೆಸರಿಟ್ಟರೆ ಏಜೆಂಟಿಗೆ ಅದು ಹೊಸ ಚುಕ್ಕಿ, ಹೊಸ ಗೆರೆ. ಹಳೆಯದನ್ನು ಅದು ಮುಟ್ಟುವುದಿಲ್ಲ. ಬೇಗ ಒಂದು ಹೆಸರು... ನಾಲಿಗೆಗೆ ಬಂದದ್ದು ಒಂದೇ.

“ಹೊಸ ಆನೆ. ಹೆಸರು ಶ್ರೀಶ. ಐವರ್ನಾಡು ತಿರುವು.”

ಮೂರು ಸೆಕೆಂಡ್... ನಾಲ್ಕು... ಐದು...

ತೋಟದೊಳಗಿಂದ ಸಾರಮ್ಮನ ಫೋನು ಮಾತಾಡಿತು. “ಎಚ್ಚರಿಕೆ. ಶ್ರೀಶ ಎಂಬ ಆನೆ ದಾರಿಯಲ್ಲಿದೆ. ಹತ್ತಿರ ಹೋಗಬೇಡಿ.”

ನೀಲಿ ಬಕೆಟ್ ನಿಂತಿತು. ಮೆಲ್ಲನೆ ಹಿಂದೆ ಸರಿದು ಮರೆಯಾಯಿತು.

ಆದರೆ ಅದೇ ಎಚ್ಚರಿಕೆ ನನ್ನ ಫೋನಿನಲ್ಲೂ ಕೂಗಿತು ನೋಡಿ! ಆನೆ ತಿರುಗಿತು.

ಓಡಿದೆ. ಚರಂಡಿ ಹಾರಿದೆ. ಮೊಣಕಾಲು ಒಡೆದುಕೊಂಡು ಗುಡ್ಡ ಹತ್ತಿದೆ. ಹಿಂದೆ ತಗಡು ಮುರಿಯುವ ಸದ್ದು. ಆನೆಗೆ ನನ್ನ ಸ್ಕೂಟರ್ ಸಾಕಾಯಿತು.

“ಸಂಪಾಜೆಯೂ ಕೆಂಪೇ ಉಂಟು,” ಎಂದಳು ಸುಪ್ರಿತಾ. ಅವಳು ಅಳುತ್ತಿದ್ದಳು.

ಮರಕ್ಕೆ ಒರಗಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಶ್ರೀಶನ ಕರೆ.

“ಮೂರು ತಾಲೂಕಿನ ಫೋನಿನಲ್ಲಿ ನನ್ನ ಹೆಸರು ಕೂಗ್ತಾ ಉಂಟು. ಈಗಲೇ ಅಳಿಸಿ ಅದನ್ನು.”

“ಚುಕ್ಕಿ ಅಳಿಸಲಿಕ್ಕೆ ಬೇರೆ ಟೂಲ್ ಉಂಟು ಸರ್,” ಎಂದೆ. “ಅದರ ಮ್ಯಾನುಯಲ್ ನಾನಿನ್ನೂ ಬರೆದಿಲ್ಲ.”