ಪೆಟಿ ಪಿಟೋನಿನ ಹಗ್ಗ

ಮಾರ್ಚ್ ೧೨, ಬುಧವಾರ, ಬೆಳಿಗ್ಗೆ ೭.೧೦. ಪೆಟಿ ಪಿಟೋನ್ ಬೆಟ್ಟದ ಕಡಿದಾದ ಬಂಡೆಗೆ ಇಳಿಬಿಟ್ಟಿದ್ದ ಹಗ್ಗವನ್ನು ಯಾರೋ ಕತ್ತರಿಸಿದ್ದಾರೆ ಎಂದು ಗೈಡ್ ಆನ್ಸೆಲ್ಮ್ ಸೂಫ್ರಿಯೆರ್ ಠಾಣೆಯಲ್ಲಿ ದೂರು ಬರೆಸಿದ. ಅಂದು ಅವನ ಮಗಳು ಜೊವಿಟಾ ಮೊದಲ ಸಲ ಪ್ರವಾಸಿಗರನ್ನು ಕರೆದೊಯ್ಯುವವಳಿದ್ದಳು. ಎಲ್ಲ ಮಣ್ಣುಪಾಲಾಗಿತ್ತು.

"ಗ್ಯಾಸ್ಪಾರ್ ಮುದುಕನ ಹೊಟ್ಟೆಕಿಚ್ಚು ಸರ್. ವಯಸ್ಸಾಯ್ತು ಅಂತ ಗೈಡ್ ಲೈಸೆನ್ಸ್ ಕಿತ್ಕೊಂಡಾಗಿಂದ ಕುದೀತಿದಾನೆ. ಒಳಗೆ ಹಾಕಿ."

ಎಫ್‌ಐಆರ್ ದಾಖಲಿಸಿ ಇನ್ಸ್‌ಪೆಕ್ಟರ್ ಮಾರ್ಷಿಯಲ್ ೮.೩೦ಕ್ಕೆ ಕಾನ್‌ಸ್ಟೆಬಲ್ ತೆಕ್ಲಾಳೊಂದಿಗೆ ಹೊರಟರು. ಇನ್ಸ್‌ಪೆಕ್ಟರರ ಡೊಳ್ಳುಹೊಟ್ಟೆಗೂ ಆ ಬೆಟ್ಟಕ್ಕೂ ಹಳೆಯ ವೈರ. ಬೇರೆ ಮಗ್ಗುಲಿಂದ ಬೇರು, ಬಂಡೆ ಹಿಡಿದು, ಏದುಸಿರು ಬಿಡುತ್ತ ೧೧.೨೦ಕ್ಕೆ ಹಗ್ಗ ಕಟ್ಟುವ ಮರ ತಲುಪಿದರು.

ಪಂಚನಾಮೆಯಲ್ಲಿ ಬರೆದದ್ದಿಷ್ಟು: ಗಂಟು ಮರದಲ್ಲೇ ಇದೆ. ಉಳಿದ ಹಗ್ಗ ಸುರುಳಿ ಸುತ್ತಿ ಬಂಡೆಯ ಸಂದಿನಲ್ಲಿಟ್ಟಿದೆ. ಕತ್ತರಿಸಿದ ತುದಿ ಎಳೆ ಬಿಡದಂತೆ ಬೆಂಕಿಗೆ ಹಿಡಿದು, ಕೆಂಪು ದಾರ ಬಿಗಿದಿದೆ. ಊರಿನಲ್ಲಿ ಹಾಗೆ ಕೆಂಪು ದಾರ ಬಿಗಿಯುವವರು ಗ್ಯಾಸ್ಪಾರ್ ಒಬ್ಬರೇ.

ಮಾರ್ಷಿಯಲ್ ಮರಕ್ಕೆ ಒರಗಲು ಹೋದರು. ತೆಕ್ಲಾ ಅವರನ್ನು ತಡೆದು, ಟೊಳ್ಳಾಗಿ ಕಂಡ ಬುಡಕ್ಕೆ ಬೂಟಿನಿಂದ ಒದ್ದಳು. ಮರ ಬೇರುಸಹಿತ ಕಿತ್ತುಬಂದು ಕಣಿವೆಗೆ ಉರುಳಿತು. ಅದರ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.

ಪ್ರತಿವರ್ಷ ಹೊಸ ಹಗ್ಗ ತಂದು ಅಪ್ಪಂದಿರು ಕಟ್ಟಿದ ಮರಕ್ಕೇ ಕಟ್ಟುವುದು ಇಲ್ಲಿನ ಗೈಡುಗಳ ರೂಢಿ. ಹಗ್ಗವನ್ನು ಎಲ್ಲರೂ ಎಳೆದು ನೋಡುತ್ತಾರೆ, ಮರವನ್ನು ಯಾರೂ ನೋಡುವುದಿಲ್ಲ. ಮಾರ್ಷಿಯಲ್ ಬಂಡೆಯ ಮೇಲೆ ಕುಳಿತುಬಿಟ್ಟರು. ಹಗ್ಗ ಕತ್ತರಿಸಿದ ಕೈಗೆ ಮನಸ್ಸಿನಲ್ಲೇ ಕೈ ಮುಗಿದರು.

ಮಧ್ಯಾಹ್ನ ೩.೧೫ಕ್ಕೆ ಗ್ಯಾಸ್ಪಾರ್ ಅಂಗಳದಲ್ಲಿ ಬಾಳೆಕಾಯಿ ಸುಲಿಯುತ್ತಿದ್ದರು.

"ಯಜಮಾನ್ರೇ, ಹಗ್ಗ ಕತ್ತರಿಸಿದ್ದು ನೀವೇನಾ?"

"ಹೌದು. ನಿನ್ನೆ ಸಂಜೆ."

"ಯಾರಿಗಾದ್ರೂ ಹೇಳಬಹುದಿತ್ತಲ್ಲ?"

"ಎರಡು ವಾರ ಹೇಳಿದೆ. ಮರ ಅಲ್ಲ, ನಿನ್ನ ತಲೆ ಟೊಳ್ಳಾಗಿದೆ ಅಂತ ನಕ್ಕರು."

"ತುದಿಗೆ ದಾರ ಯಾಕೆ ಬಿಗಿದ್ರಿ? ಅದರಿಂದಲೇ ಸಿಕ್ಕಿಬಿದ್ರಿ."

"ಹಗ್ಗ ಚೆನ್ನಾಗಿತ್ತಲ್ಲ ಸಾಹೇಬ್ರೆ. ಗಟ್ಟಿ ಜಾಗ ಸಿಕ್ಕರೆ ನಾಳೆ ಯಾರಾದ್ರೂ ಕಟ್ತಾರೆ."

ಹಗ್ಗ ಸಾರ್ವಜನಿಕ ಸ್ವತ್ತು. ಕಾನೂನಿನ ಪ್ರಕಾರ ಬಂಧನವಾಯಿತು. ಕಾರಣದ ಕಾಲಮ್ಮಿನಲ್ಲಿ ಮಾರ್ಷಿಯಲ್ "ಅನ್ಯರ ಪ್ರಾಣರಕ್ಷಣೆ" ಎಂದು ಬರೆದರು.

ಸಂಜೆ ಐದಕ್ಕೆ ಆನ್ಸೆಲ್ಮ್ ಬಂದ. ಮರದ ಸುದ್ದಿ ಅವನಿಗೆ ಮುಟ್ಟಿತ್ತು. ದೂರು ವಾಪಸ್ ತೆಗೆದುಕೊಳ್ಳುವ ಅರ್ಜಿಗೆ ಸಹಿ ಹಾಕಿ, ಲಾಕಪ್ಪಿನ ಕಂಬಿ ಹಿಡಿದು ನಿಂತ.

"ದೊಡ್ಡಪ್ಪ," ಎಂದ ಗ್ಯಾಸ್ಪಾರ್‌ಗೆ, "ಜೊವಿಟಾ ಮನೇಲಿದಾಳೆ. ಹಗ್ಗ ಹೋಯ್ತು ಅಂತ ಇನ್ನೂ ನಿಮಗೆ ಬೈತಾ ಇದಾಳೆ."