ಹೊಸ್ತಿಲ ಮರೆವು

ಆಲೂಗಡ್ಡೆ ಬೆಂದಿತ್ತು. ಬಾಣಲೆಯಲ್ಲಿ ಹಂದಿಮಾಂಸ ಚುರುಗುಟ್ಟುತ್ತಿತ್ತು. ಥೀರಾ ಕಿಟಕಿಯಿಂದ ಎರಡು ಸಲ ಕೂಗಿದಳು. ಅಣ್ಣನ ಸುಳಿವಿಲ್ಲ. ಒಲೆ ಸಣ್ಣ ಮಾಡಿ, ಮರದ ಮೆಟ್ಟು ಮೆಟ್ಟಿಕೊಂಡು ಅಂಗಳಕ್ಕಿಳಿದಳು. ನವೆಂಬರ್ ತಿಂಗಳು. ಹೊತ್ತಿಗೆ ಮುಂಚೆಯೇ ಕತ್ತಲಾಗಿತ್ತು. ಫ್ಯೋರ್ಡಿನ ಕಡಲ ನೀರಿನಿಂದ ಎದ್ದ ಮಂಜು ಮೋರ್ಸ್ ದ್ವೀಪದ ಹೊಲಗಳನ್ನೆಲ್ಲ ನುಂಗಿ, ಬೇಲಿಯ ತನಕ ಬಂದು ನಿಂತಿತ್ತು.

ಹಳೆಯ ಕೊಟ್ಟಿಗೆಯ ದೊಡ್ಡ ಬಾಗಿಲು ತೆರೆದಿತ್ತು. ಒಳಗೆ ದೀಪ ಉರಿಯುತ್ತಿತ್ತು.

"ವಿಲ್ಲುಮ್, ಊಟ ಆರಿಹೋಗ್ತಿದೆ."

ಅವನು ಆ ತುದಿಯ ಕಿಟಕಿಯ ಕೆಳಗೆ ಬೋರಲು ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಥೀರಾ ಹಂದಿ ಕಡಿಯುವ ಮನೆಯಲ್ಲಿ ಹುಟ್ಟಿ ಬೆಳೆದವಳು; ಜೀವ ಹೋದದ್ದನ್ನು ಮುಟ್ಟಿಯೇ ತಿಳಿಯಬೇಕಾಗಿರಲಿಲ್ಲ. ಆದರೂ ಮುಟ್ಟಿದಳು. ಆಮೇಲೆ ಮನೆಗೆ ಹೋಗಿ, ಒಲೆ ಆರಿಸಿ, ಪೊಲೀಸರಿಗೆ ಫೋನ್ ಮಾಡಿದಳು.

* * *

ವಿಲ್ಲುಮ್ ಸ್ಕೋರುಪ್ ಸಾಮಾನ್ಯ ಮನುಷ್ಯನಲ್ಲ. ಮನಸ್ಸು ಹೇಗೆ ನೆನಪಿಡುತ್ತದೆ, ಹೇಗೆ ಮರೆಯುತ್ತದೆ ಎಂದು ಜೀವಮಾನವೆಲ್ಲ ಅಳೆದ ಪ್ರೊಫೆಸರ್. ಅವನ ಹೆಸರಿಗೆ ಅಂಟಿಕೊಂಡ ಸಿದ್ಧಾಂತ ಒಂದೇ: ಹೊಸ್ತಿಲ ಮರೆವು. ಮನುಷ್ಯ ಹೊಸ್ತಿಲು ದಾಟಿದ ಕೂಡಲೆ ಮನಸ್ಸು ಹಿಂದಿನ ಕೋಣೆಯ ಕದ ಹಾಕಿಕೊಳ್ಳುತ್ತದೆ. ಅಲ್ಲಿನ ನೆನಪು ಅಲ್ಲೇ ತುಂಡಾಗುತ್ತದೆ. ಅರ್ಧ ಜಗತ್ತಿನ ವಿದ್ಯಾರ್ಥಿಗಳು ಅದನ್ನು ಓದಿಯೇ ಪಾಸಾದವರು. ಅವನ ಶಿಷ್ಯ ಯೆಪ್ಪೆ ಲೋರೆಂಟ್ಸೆನ್ ಅದನ್ನು ಪೊಲೀಸ್ ಶಾಲೆಗೂ ನ್ಯಾಯಾಲಯಕ್ಕೂ ಒಯ್ದ. ನಿಜ ಹೇಳುವವನ ಮಾತು ಪ್ರತಿ ಹೊಸ್ತಿಲಲ್ಲೂ ಎಡವುತ್ತದೆ, ಕಟ್ಟುಕಥೆ ಸಲೀಸಾಗಿ ದಾಟುತ್ತದೆ ಎಂದು ಪಾಠ ಹೇಳಿದ, ಪುಸ್ತಕ ಬರೆದ.

ಇನ್ಸ್‌ಪೆಕ್ಟರ್ ಇಂಗರ್ ದಾಲ್‌ಗೋರ್ ಆ ಪಾಠವನ್ನು ಮುಂದಿನ ಸಾಲಿನಲ್ಲಿ ಕೂತು ಕಲಿತವಳು. ಅದನ್ನೇ ನಂಬಿ ದೋಣಿಮನೆಗೆ ಬೆಂಕಿಯಿಟ್ಟ ಆರೋಪದ ಮೇಲೆ ಹೋಲ್ಗರ್ ಎಂಬ ಬೆಸ್ತನನ್ನು ಜೈಲಿಗೆ ಕಳಿಸಿದ್ದಳು. ಹೋಲ್ಗರ್ ಒಂದು ಹೊಸ್ತಿಲಲ್ಲೂ ಎಡವಿರಲಿಲ್ಲ. ಇನ್ನೂ ಒಳಗೇ ಇದ್ದ.

ಈಗ, ಆ ರಾತ್ರಿಯೇ, ಥೀರಾಳ ನಡುಮನೆಯಲ್ಲಿ ಇಂಗರ್ ಎದುರು ಪಕ್ಕದ ಹೊಲದ ಎವಾಲ್ಡ್ ಕೂತಿದ್ದ. ಹಂದಿ ಸಾಕುವವನು. ಬೆಳಿಗ್ಗೆ ಕೊಟ್ಟಿಗೆಯಲ್ಲಿ ಪ್ರೊಫೆಸರನ ಮೇಲೆ ರೇಗಾಡಿದ್ದನ್ನು ಥೀರಾ ಕೇಳಿದ್ದಳು. ಮಧ್ಯಾಹ್ನ ಅವಳು ಪೇಟೆಗೆ ಹೋಗಿದ್ದಾಗ ಎವಾಲ್ಡನ ಟ್ರ್ಯಾಕ್ಟರ್ ಅದೇ ಅಂಗಳದಲ್ಲಿ ನಿಂತಿದ್ದನ್ನು ಹಾಲಿನ ಲಾರಿಯವನು ಕಂಡಿದ್ದ.

"ಮತ್ಯಾಕೆ ಬಂದ್ರಿ?"

"ನನ್ನ ಹಾರೆ ಮರೆತಿದ್ದೆ. ಅಂಗಳದಲ್ಲೇ ಒರಗಿಸಿದ್ದೆ."

"ಪೂರ್ತಿ ಹೇಳಿ."

"ಹೇಳೋದೇನಿದೆ ಇಂಗರ್? ಹಂದಿ ಮನೆ ಬಾಗಿಲು ದಾಟಿದೆ, ಬಕೆಟ್ ಕೈಯಲ್ಲಿತ್ತು, ಹೊರಗಿಟ್ಟೆ. ಟ್ರ್ಯಾಕ್ಟರ್ ಹತ್ತಿದೆ. ಇಲ್ಲಿ ಅಡುಗೆಮನೆ ಬಾಗಿಲು ತೆಗೆದು ಕೂಗಿದೆ. ಮೇಜಿನ ಮೇಲೆ ಎರಡು ಕಪ್ಪು, ಒಂದರಲ್ಲಿ ಕಾಫಿ ಹಾಗೇ ಇತ್ತು. ಯಾರೂ ಓಗೊಡಲಿಲ್ಲ. ಹಾರೆ ತಗೊಂಡೆ, ಹೋದೆ. ನಿಮ್ಮಪ್ಪ ಇದ್ದಿದ್ರೆ ಇಷ್ಟು ಕೇಳ್ತಿರಲಿಲ್ಲ, ಕಾಫಿ ಕೊಡ್ತಿದ್ದ."

ಇಂಗರ್ ನಗಲಿಲ್ಲ. ಪ್ರತಿ ಬಾಗಿಲನ್ನೂ ಮುದುಕ ನೀರು ಹರಿದಂತೆ ದಾಟಿದ್ದ. ಪಾಠದ ಪ್ರಕಾರ ಅದು ಕಟ್ಟುಕಥೆಯ ಗುರುತು.

* * *

ಯೆಪ್ಪೆ ತಾನಾಗಿಯೇ ಠಾಣೆಗೆ ಬಂದ. ಕಣ್ಣು ಕೆಂಪಗಿದ್ದವು.

"ಮೂರು ಗಂಟೆಗೆ ಹೋಗಿದ್ದೆ. ಅಡುಗೆಮನೇಲಿ ಕಾಫಿ ಕುಡಿದ್ವಿ. ಮುಂದಿನ ಸಮ್ಮೇಳನದ ಮಾತು. ಆಮೇಲೆ ಎದ್ದೆ, ನಡುಮನೆ ಬಾಗಿಲು ದಾಟಿದೆ..." ತಡವರಿಸಿದ. "ಕೈಯಲ್ಲಿ ಏನಿತ್ತು? ಟೋಪಿಯೋ, ಕಾರಿನ ಕೀಲಿಯೋ... ಅಲ್ಲಿ ತುಂಡಾಗತ್ತೆ. ಹೊರಬಾಗಿಲು ದಾಟಿದ ಮೇಲೆ ಇನ್ನೊಂದು ಸಲ. ಅವರು ಏನೋ ಹೇಳಿದ್ರು, ಏನಂತ ನೆನಪಿಲ್ಲ."

"ಕೊಟ್ಟಿಗೆಗೆ ಹೋದ್ರಾ?"

"ಇಲ್ಲ. ನಾನು ಹೊರಟಾಗ ಅವರು ಮೆಟ್ಟಿಲ ಮೇಲೆ ನಿಂತಿದ್ರು." ಮುಖ ಒರೆಸಿಕೊಂಡ. "ಎವಾಲ್ಡ್ ಹೇಳಿಕೆ ಹೇಗಿತ್ತು? ಎಡವಿದನಾ?"

"ಇಲ್ಲ."

"ಹಾಗಿದ್ರೆ ನಾನೇನು ಹೇಳಲಿ, ನಿಮಗೇ ಗೊತ್ತಲ್ಲ."

ಸರ್ಕಾರಿ ವಕೀಲ ಫೋನಿನಲ್ಲಿ ಎರಡೇ ಮಾತು ಹೇಳಿದ. ಎವಾಲ್ಡನನ್ನು ಒಳಗೆ ಹಾಕಿ. ನಾಳೆ ನ್ಯಾಯಾಧೀಶರ ಮುಂದೆ ನಿಲ್ಲಿಸಿ.

* * *

ಮರುದಿನ ಬೆಳಿಗ್ಗೆ ಇಂಗರ್ ಥೀರಾಳ ಅಡುಗೆಮನೆಯಲ್ಲಿ ಕೂತಳು. ಮಂಜು ಇನ್ನೂ ಎದ್ದಿರಲಿಲ್ಲ.

"ಎವಾಲ್ಡ್ ಯಾಕೆ ಕೂಗಾಡಿದ?"

"ಅವನಿಗೆ ಬೇಜಾರಾಗಿತ್ತಮ್ಮ. ಕೊಟ್ಟಿಗೆ ನಡುವೆ ಹಲಗೆ ಗೋಡೆ ಕಟ್ಟಿ, ಒಂದು ಬಾಗಿಲು ಇಟ್ಟಿದ್ನಲ್ಲ ನಮ್ಮಣ್ಣ, ಪ್ರಯೋಗಕ್ಕೆ ಅಂತ. ಊರವರೆಲ್ಲ ಅದರಲ್ಲಿ ಓಡಾಡಿದಾರೆ. ಮೊಟ್ಟೆ ಹಿಡ್ಕೊಂಡು, ಬಕೆಟ್ ಹಿಡ್ಕೊಂಡು. ನೆನ್ನೆ ಬೆಳಿಗ್ಗೆ ಎಲ್ಲಾನೂ ಕಿತ್ತುಹಾಕು ಅಂದ ಎವಾಲ್ಡಿಗೆ. ಎವಾಲ್ಡ್ ಅಂದ, ಇಷ್ಟು ವರ್ಷ ಮಂಗನ ಹಾಗೆ ಓಡಾಡಿಸಿ ಈಗ ಎಲ್ಲ ದಂಡ ಅಂತೀಯಾ ಅಂತ. ಬೈಕೊಂಡೇ ಕಿತ್ತ. ಆಮೇಲೆ ಇಬ್ಬರೂ ಇಲ್ಲೇ ಕೂತು ಬ್ರೆಡ್ ತಿಂದ್ರು."

"ದಂಡ ಅಂದ್ರೆ?"

ಥೀರಾ ಮೇಜಿನ ಮೇಲಿನ ಚೂರುಗಳನ್ನು ಅಂಗೈಯಿಂದ ಸರಿಸಿದಳು.

"ಹೋದ ವಾರ ಮೆಟ್ಟು ಬಿಚ್ಚದೇ ಒಳಗೆ ಬಂದು ಕೂತ. ಹಾಗೆ ಅವನು ಜನ್ಮದಲ್ಲಿ ಮಾಡಿದವನಲ್ಲ. ಯಾರೂ ಮರೆಯಲ್ಲ ಥೀರಾ, ಅಂದ. ಬಾಗಿಲಿನಿಂದ ಏನೂ ಆಗಲ್ಲ. ಅವತ್ತು ಮೊದಲ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಮರೆತದ್ದು ನಾನು ಏನು ಬಯಸ್ತೀನಿ ಅಂತ ಅವರಿಗೆ ಗೊತ್ತಿದ್ದಕ್ಕೆ. ಈ ಊರವರಿಗೆ ಅದು ಗೊತ್ತಿಲ್ಲ, ಅದಕ್ಕೇ ಮರೆಯಲಿಲ್ಲ. ಸಮ್ಮೇಳನದಲ್ಲಿ ಎದ್ದು ನಿಂತು ಹೇಳಿಬಿಡ್ತೀನಿ, ಅದಕ್ಕೆ ಮುಂಚೆ ಯೆಪ್ಪೆಗೆ ಹೇಳಬೇಕು ಅಂದ."

ಇಂಗರ್ ಕಾಫಿ ಕೆಳಗಿಟ್ಟಳು.

ಸಿದ್ಧಾಂತವೇ ಸುಳ್ಳಾದರೆ, ನಿಜ ಹೇಳುವವನು ಯಾಕೆ ಎಡವಬೇಕು? ಪ್ರತಿ ಹೊಸ್ತಿಲಲ್ಲೂ ತಪ್ಪದೆ ಎಡವುವವನು ಯಾರು? ಪುಸ್ತಕ ಓದಿದವನು.

ಅವಳು ಕೊಟ್ಟಿಗೆಗೆ ಹೋದಳು. ಎವಾಲ್ಡ್ ಕಿತ್ತ ಹಲಗೆಗಳು ಗೋಡೆಗೆ ಒರಗಿದ್ದವು. ಬಾಗಿಲಿನ ಎರಡು ಕಂಬ, ಮೇಲಿನ ಅಡ್ಡಪಟ್ಟಿ, ಎಲ್ಲ ಓಕ್ ಮರ, ಎಲ್ಲಕ್ಕೂ ಕೆಂಪು ಬಣ್ಣ. ಹೊಸ್ತಿಲ ತುಂಡು ಮಾತ್ರ ಇಲ್ಲ.

"ಅದೂ ಅಲ್ಲೇ ಇತ್ತು," ಬಾಗಿಲಲ್ಲಿ ನಿಂತ ಥೀರಾ ಅಂದಳು. "ಪೇಟೆಗೆ ಹೋಗೋ ಮುಂಚೆ ನಾನೇ ಅದರ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಂಡೆ."

ಇಂಗರ್ ರಸ್ತೆ ಬದಿಯ ಸುಣ್ಣಮಣ್ಣಿನ ಗುಂಡಿಯ ಕಡೆ ನೋಡಿದಳು. ಹಿಂದಿನವರು ಹೊಲಕ್ಕೆ ಮಣ್ಣು ತೆಗೆದು ಬಿಟ್ಟ ಗುಂಡಿ. ಈಗ ಕಪ್ಪು ನೀರು, ಮೇಲೆ ಹಸಿರು ಪಾಚಿ. ಒಂದು ಕಡೆ ಪಾಚಿ ಹರಿದು, ನೀರು ಕಣ್ಣು ಬಿಟ್ಟಂತೆ ಕಾಣುತ್ತಿತ್ತು.

* * *

ಮಧ್ಯಾಹ್ನ ಯೆಪ್ಪೆಯನ್ನು ಮತ್ತೆ ಕರೆಸಿದಳು. ತಾನೇ ಕಾಫಿ ಬಗ್ಗಿಸಿ ಕೊಟ್ಟಳು. ಗೋಡೆ ಕಿತ್ತ ಸಂಗತಿಯನ್ನು ಅವಳು ಠಾಣೆಯಲ್ಲೂ ಯಾರಿಗೂ ಹೇಳಿರಲಿಲ್ಲ.

"ನಿಮ್ಮಿಂದ ಒಂದು ಸಹಾಯ ಬೇಕು. ಎವಾಲ್ಡ್ ಕೊಟ್ಟಿಗೆಯೊಳಗೆ ಹೇಗೆ ಹೋಗಿರಬಹುದು ಅಂತ ನ್ಯಾಯಾಧೀಶರಿಗೆ ವಿವರಿಸಬೇಕು. ನೀವು ಆ ಕೊಟ್ಟಿಗೆಗೆ ಕೊನೇ ಸಲ ಹೋಗಿದ್ದು ಯಾವಾಗ?"

"ಸೆಪ್ಟೆಂಬರಿನಲ್ಲಿ."

"ಆ ದಿನ ನೆನಪಿಸಿಕೊಂಡು ಹೇಳಿ. ವಿಲ್ಲುಮ್ ಎಲ್ಲಿದ್ರು, ನೀವು ಹೇಗೆ ಹೋದ್ರಿ."

ಯೆಪ್ಪೆ ಕಣ್ಣು ಮುಚ್ಚಿದ. ಪಾಠ ಹೇಳುವಾಗಲೂ ಹಾಗೆಯೇ ಮುಚ್ಚುತ್ತಿದ್ದ.

"ದೊಡ್ಡ ಬಾಗಿಲು ದಾಟಿದೆ. ಆ ತುದಿ ಕಿಟಕಿ ಹತ್ತಿರ ನಿಂತಿದ್ರು. ನನ್ನ ಕಡೆ ಬೆನ್ನು. ಹೊರಗಿನ ಬೆಳಕಿಗೆ ಅವರ ಭುಜ ಮಾತ್ರ ಕಾಣ್ತಿತ್ತು. ನಾನು ನೆಟ್ಟಗೆ ನಡೆದೆ. ಅವರು ತಿರುಗಲಿಲ್ಲ."

"ಎಲ್ಲೂ ನಿಲ್ಲಲಿಲ್ಲ?"

"ಇಲ್ಲ. ನೆಟ್ಟಗೆ."

"ಎಲ್ಲೂ ಮರೆವು ಬರಲಿಲ್ಲ?"

ಯೆಪ್ಪೆ ಕಣ್ಣು ತೆರೆದ.

ಇಂಗರ್ ಮೆಲ್ಲಗೆ ಹೇಳಿದಳು. "ಸೆಪ್ಟೆಂಬರಿನಲ್ಲಿ ದೊಡ್ಡ ಬಾಗಿಲಿನಿಂದ ಆ ಕಿಟಕಿ ಕಾಣ್ತಿರಲಿಲ್ಲ ಯೆಪ್ಪೆ. ನಡುವೆ ಗೋಡೆ ಇತ್ತು. ಗೋಡೇಲಿ ಬಾಗಿಲು ಇತ್ತು. ನೀವು ಪುಸ್ತಕ ಬರೆದದ್ದು ಅಂಥ ಬಾಗಿಲಿನ ಬಗ್ಗೆಯೇ. ಅದನ್ನ ಕಿತ್ತಿದ್ದು ನೆನ್ನೆ ಬೆಳಿಗ್ಗೆ. ಗೋಡೆ ಇಲ್ಲದ ಕೊಟ್ಟಿಗೇಲಿ ವಿಲ್ಲುಮ್ ಬೆನ್ನು ತಿರುಗಿಸಿ ನಿಂತದ್ದನ್ನ ನೋಡೋಕೆ ಒಂದೇ ಒಂದು ಮಧ್ಯಾಹ್ನ ಇತ್ತು."

ಅವನು ಲೋಟವನ್ನು ಹತ್ತಿರಕ್ಕೆ ಎಳೆದುಕೊಂಡ.

"ಅಡುಗೆಮನೇಲಿ ಅವರು ನಿಮಗೆ ವಿಷಯ ಹೇಳಿದ್ರು. ನಿಮ್ಮ ಕಾಫಿ ಅಲ್ಲೇ ಆರಿತು. ಅವರು ಎದ್ದು ಕೊಟ್ಟಿಗೆಗೆ ಹೋದ್ರು, ನೀವು ಹಿಂದೆ ಹೋದ್ರಿ. ಕೈಗೆ ಸಿಕ್ಕಿದ್ದು ಹೊಸ್ತಿಲ ತುಂಡು. ಅದನ್ನ ಕಾರಿಗೆ ಹಾಕಿ ಗುಂಡಿಗೆ ಎಸೆದ್ರಿ. ಅಗ್ನಿಶಾಮಕದವರು ಈಗಷ್ಟೇ ಎತ್ತಿದ್ರು. ನಿಮ್ಮ ಕಾರಿನ ಹಿಂಬದೀಲಿ ಕೆಂಪು ಬಣ್ಣದ ಚಕ್ಕೆ ಸಿಕ್ಕಿದೆ. ಸುಳ್ಳು ಹೇಳುವಾಗ ಪುಸ್ತಕದಲ್ಲಿದ್ದ ಹಾಗೆ ಎಡವಿದ್ರಿ. ಈಗ ಎಡವಲಿಲ್ಲ. ಯಾಕಂದ್ರೆ ಇದು ನಿಜವಾದ ನೆನಪು."

ಯೆಪ್ಪೆ ಲೋಟವನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದ. ಅವನ ದನಿಯಲ್ಲಿ ಅಳುಕಿರಲಿಲ್ಲ. ಅದೇ ಅವಳನ್ನು ಹೆದರಿಸಿತು.

"ಮುದುಕ ಬಾಯಿಬಿಟ್ಟಿದ್ರೆ ನಾನೊಬ್ಬನೇ ಮುಳುಗ್ತಿದ್ದೆ ಅಂತ ತಿಳ್ಕೊಂಡ್ರಾ? ನನ್ನ ಮಾತಿನ ಮೇಲೆ ಒಳಗೆ ಹೋದವರು ಎಷ್ಟು ಜನ, ಯೋಚನೆ ಮಾಡಿ. ನಿಮ್ಮ ಹೋಲ್ಗರ್ ಒಬ್ಬ ಇದ್ದಾನಲ್ಲ. ನಾನು ನಿಮ್ಮನ್ನೂ ಉಳಿಸಿದೆ ಇಂಗರ್. ನನ್ನನ್ನ ಹಿಡಿದ್ರೆ ಈ ವಿಚಾರಣೇಲಿ ಅದೂ ಹೊರಗೆ ಬರತ್ತೆ."

ಹೊರಗೆ ಯಾರೋ ಸೈಕಲ್ ಒರಗಿಸಿದ ಸದ್ದಾಯಿತು. ಕಿಟಕಿಯ ಗಾಜಿಗೆ ಮಂಜು ಅಂಟಿಕೊಂಡಿತ್ತು.

ಇಂಗರ್ ಎದ್ದು, ಬಾಗಿಲ ಬಳಿಯ ಪೇದೆಗೆ ಕಣ್ಸನ್ನೆ ಮಾಡಿದಳು.

* * *

ಎವಾಲ್ಡ್ ತನ್ನ ಟೋಪಿ ಇಸಿದುಕೊಂಡು, ಒಳಗೆ ಕೈಯಾಡಿಸಿ ನೋಡಿದ.

"ಹಂದಿಗಳಿಗೆ ಮೇವು ಹಾಕಿದವರು ಯಾರು?"

"ನಾನೇ," ಅಂದಳು ಇಂಗರ್. "ಬೆಳಿಗ್ಗೆ."

"ನಿನಗೆ ಗೊತ್ತಾಗತ್ತಾ ಅದೆಲ್ಲ?" ಅವಳ ಬೂಟುಗಳನ್ನು ನೋಡಿ ತಲೆಯಾಡಿಸಿದ. "ಗೊತ್ತಾಗತ್ತೆ. ವಾಸನೆ ಬರ್ತಿದೆ." ಬಾಗಿಲ ತನಕ ಹೋಗಿ ನಿಂತ. "ವಿಲ್ಲುಮ್ ಅವತ್ತು ಬ್ರೆಡ್ ತಿನ್ನುವಾಗ ಕೇಳಿದ. ನನ್ನಿಂದ ಯಾರಿಗಾದ್ರೂ ಕೆಟ್ಟದಾಗಿರಬಹುದಾ ಎವಾಲ್ಡ್ ಅಂತ. ಬಾಗಿಲಿಂದ ಯಾರಿಗೆ ಏನು ಕೆಟ್ಟದಾಗತ್ತಯ್ಯಾ ಅಂದೆ. ಅವನು ನಗಲಿಲ್ಲ."

ಅವನು ಹೋದ ಮೇಲೆ ಇಂಗರ್ ಸರ್ಕಾರಿ ವಕೀಲನಿಗೆ ಫೋನ್ ಮಾಡಿದಳು. ಅವನು ಹೊಗಳಿದ. ಅವಳು ಮುಗಿಯುವ ತನಕ ಕಾದಳು.

"ಇನ್ನೊಂದು ಇದೆ. ಹೋಲ್ಗರ್ ಕೇಸು ಮತ್ತೆ ತೆಗೀಬೇಕು."



"ಅದು ನಿಮ್ಮದೇ ಕೇಸಲ್ವಾ?"

"ಹೌದು."

"ಒಂದು ತೆಗೆದ್ರೆ ಎಲ್ಲಾನೂ ತೆಗೀಬೇಕಾಗತ್ತೆ. ಯೋಚನೆ ಮಾಡಿ ಹೇಳಿ."

"ಮಾಡಿಯಾಯ್ತು," ಎಂದು ಫೋನ್ ಇಟ್ಟಳು.

ದೀಪ ಆರಿಸಿ, ಕೋಟು ತೊಟ್ಟು, ಹೊಸ್ತಿಲು ದಾಟಿದಳು. ಕಟಕಟೆಯಲ್ಲಿ ನಿಂತು ಹೇಳಿದ್ದನ್ನೇ ಹೇಳುತ್ತಿದ್ದ ಹೋಲ್ಗರನ ಮುಖ ಅವಳೊಂದಿಗೆ ದಾಟಿತು. ಅಂಗಳ ದಾಟಿತು. ಕಾರಿನ ಬಾಗಿಲು ಹಾಕಿಕೊಂಡಾಗಲೂ ಪಕ್ಕದಲ್ಲೇ ಇತ್ತು.