ಹತ್ತೂವರೆಯ ಹಾರ್ನ್

ಸಾವಂತ್ರವ್ವ ಅಂದು ಎಂಟು ರೊಟ್ಟಿ ಹೆಚ್ಚಿಗೆ ಬಡಿದಳು. ಎಣ್ಣೆಗಾಯಿಯನ್ನು ಡಬ್ಬಿಗೆ ತುಂಬಿ, ಎಲ್ಲವನ್ನೂ ಹಳೆಯ ಧೋತರದ ತುಂಡಿನಲ್ಲಿ ಗಂಟು ಕಟ್ಟಿದಳು. "ಇವತ್ತ ಬಸ್ ತಡೀತೀನಿ," ಎಂದಳು, ಮಗಳತ್ತ ನೋಡದೆಯೇ. ಹಿಟ್ಟು ನಾದುತ್ತಿದ್ದ ರೇಣುವಿನ ಕೈ ಹಾಗೇ ನಿಂತಿತು.

ಮಗ ಸಿದ್ದಾರೂಢ ಮರಾಠಿ ಹುಡುಗಿ ಸ್ನೇಹಲಳನ್ನು ಕಟ್ಟಿಕೊಂಡ ದಿನ, ಹೊಸ್ತಿಲು ತುಳಿಯಬೇಡ ಎಂದವಳು ಇದೇ ತಾಯಿ. ಅವನು ತುಳಿಯಲಿಲ್ಲ. ಆದರೆ ಪುಣೆ-ಸೊಲ್ಲಾಪುರದ ಬಸ್ಸು ಓಡಿಸುತ್ತಿದ್ದ ಅವನು, ಹಡಪಸರದ ಈ ಮನೆಯ ಮುಂದೆ ಹಾಯುವಾಗ ದಿನಾ ಹತ್ತೂವರೆಗೆ ಎರಡು ಸಲ ಹಾರ್ನ್ ಬಾರಿಸುತ್ತಿದ್ದ. ಮೊರ ಹಿಡಿದು ಬಾಗಿಲಲ್ಲಿ ಕೂತ ತಾಯಿ ತಲೆ ಎತ್ತುತ್ತಿರಲಿಲ್ಲ. ಆದರೆ ಹಾರ್ನ್ ಕೇಳಿದ ಮೇಲೆಯೇ ಎದ್ದು ಉಣ್ಣುತ್ತಿದ್ದಳು. ನಾಲ್ಕು ವರ್ಷ ಅವರಿಬ್ಬರ ನಡುವೆ ಇದ್ದ ಮಾತು ಅಷ್ಟೇ...

ಈಗ ರಸ್ತೆಯ ಮೇಲೆ ಹೊಸ ಸೇತುವೆ ಎದ್ದಿತ್ತು. ನಾಳೆಯಿಂದ ದೂರದ ಬಸ್ಸುಗಳೆಲ್ಲ ಮೇಲೆಯೇ ಹೋಗುತ್ತವೆ ಎಂದು ಓಣಿಯವರು ಹೇಳಿದ್ದರು.

ರೇಣುವಿಗೊಬ್ಬಳಿಗೇ ಗೊತ್ತಿತ್ತು, ಅಣ್ಣನಿಗೆ ನಾಶಿಕಕ್ಕೆ ವರ್ಗವಾಗಿ ವರ್ಷವಾಗಿತ್ತು. ಹಾರ್ನ್ ನಿಂತ ಮೂರು ದಿನ ಅವ್ವ ತುತ್ತು ಮುಟ್ಟಿರಲಿಲ್ಲ. ಅಪರಿಚಿತರೆದುರು ಬಾಯಿ ತೆರೆಯಲೂ ಅಂಜುವ ರೇಣು, ನಾಲ್ಕನೆಯ ದಿನ ಸ್ಟ್ಯಾಂಡಿಗೆ ಹೋಗಿ ಸೊಲ್ಲಾಪುರ ಕಡೆಯ, ಕನ್ನಡ ಬಲ್ಲ ಹೊಸ ಡ್ರೈವರ್ ಮಂದಾರನಿಗೆ ಕೈಮುಗಿದಿದ್ದಳು. ಆಮೇಲೆ ಹಾರ್ನ್ ಒಂದು ದಿನವೂ ತಪ್ಪಿರಲಿಲ್ಲ. ಈಗಲಾದರೂ ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ಅವ್ವ ಗಂಟೆತ್ತಿಕೊಂಡು ಹೊಸ್ತಿಲು ದಾಟಿದ್ದಳು.

ಬಸ್ಸು ಬಂತು. ಸಾವಂತ್ರವ್ವ ನಡುರಸ್ತೆಗೆ ಹೋಗಿ ಕೈ ಅಡ್ಡ ಹಿಡಿದಳು. ಡ್ರೈವರನ ಕಿಟಕಿಗೆ ಗಂಟನ್ನು ಎತ್ತಿ, "ಆರೂಢಾ..." ಎಂದಳು. ಗಂಟು ಗಾಳಿಯಲ್ಲೇ ನಿಂತಿತು.

"ನಾ ಅವ ಅಲ್ರಿ, ಅವ್ವಾರ," ಎಂದ ಮಂದಾರ, ತಲೆ ತಗ್ಗಿಸಿ. "ಅಂವಾ ನಾಶಿಕಕ್ಕ ಹೋಗಿ ವರ್ಷ ಆತ್ರಿ. ನಿಮ್ಮ ಮಗಳು ಕೇಳ್ಕೊಂಡಿದ್ಳು..."

ಹಿಂದಿನ ವಾಹನಗಳು ಕಿರುಚತೊಡಗಿದವು. ಸಾವಂತ್ರವ್ವ ಗಂಟನ್ನು ಅವನ ಮಡಿಲಿಗೆ ತಳ್ಳಿದಳು. "ಇರ್ಲಿ, ತಗೋಪಾ. ಬಿಸಿ ಅದಾವ."

ಅಂದು ಬಸ್ಸು ಹಾರ್ನ್ ಬಾರಿಸದೆ ಹೋಯಿತು.

ಬಾಗಿಲಿಗೆ ಬಂದವಳು ಬಯ್ಯಲಿಲ್ಲ. ಬೈದಿದ್ದರೆ ರೇಣುವಿಗೆ ಎಷ್ಟೋ ಹಗುರಾಗುತ್ತಿತ್ತು. "ಅವ ಇಲ್ಲಾಂತ ಗೊತ್ತಾಗಿದ್ರ, ಹೋದ ವರ್ಷನ ನಾ ಮನಿಗೆ ಕರೀತಿದ್ನಲ್ಲವಾ..." ಎಂದಳಷ್ಟೇ. ರೇಣು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಫೋನ್ ಹಚ್ಚು ಅವಗ."

ರಿಂಗಾಯಿತು... ಆಗುತ್ತಲೇ ಇತ್ತು. ಬಸ್ಸು ಓಡಿಸುವಾಗ ಅಣ್ಣ ಫೋನ್ ಎತ್ತುವುದಿಲ್ಲ ಎಂದಳು ರೇಣು.

"ಅವನ ಡ್ಯೂಟಿ ಎಷ್ಟಕ್ಕ ಮುಗೀತದ?"

ರೇಣುವಿಗೆ ಗೊತ್ತಿರಲಿಲ್ಲ. ವರ್ಷವಿಡೀ ಅವಳು ನೆನಪಿಟ್ಟದ್ದು ಮಂದಾರನ ವೇಳೆಯೊಂದೇ.

ಸಾವಂತ್ರವ್ವ ಫೋನನ್ನು ಬರಿದಾದ ಮೊರದಲ್ಲಿಟ್ಟುಕೊಂಡು, ಮೊದಲ ಬಾರಿಗೆ ರಸ್ತೆಗೆ ಬೆನ್ನು ಮಾಡಿ ಕೂತಳು.